ಅಕ್ಕ ಹಾಡದ ಚರಣ

ಸ್ಟುಡಿಯೋದಲ್ಲಿ ಎಲ್ಲರೆದುರು ಅಕ್ಕ ಹೇಳಿದ್ದು ಇಷ್ಟೇ: "ಪಲ್ಲವಿ ಚೆನ್ನಾಗಿದೆ ಕಣೋ, ಹಾಡಿದೀನಿ. ಚರಣ ಮಾತ್ರ ನಿಂದಲ್ಲ, ಯಂತ್ರದ್ದು. ಅದನ್ನ ನೀನೇ ಕೂತು ಮಾಡ್ಕೊಂಡು ಬಾ, ಆಮೇಲೆ ಹಾಡ್ತೀನಿ."

ಸೌಂಡ್ ಎಂಜಿನಿಯರ್ ಕೆಮ್ಮುವ ನೆಪದಲ್ಲಿ ನಕ್ಕ. ನಿರ್ದೇಶಕರು ಮೊಬೈಲಿನೊಳಗೆ ಮುಖ ಹುದುಗಿಸಿದರು. ಸಂಗೀತ ಸಂಯೋಜಕನಾದ ತಮ್ಮನ ಕಿವಿ ಬಿಸಿಯಾಯಿತು. ಕಾಲೇಜಿನಲ್ಲಿ ಅವನಿಗೆ 'ಕುಕ್ಕರ್' ಎಂದು ಹೆಸರಿಟ್ಟಿದ್ದರು. ಬೇಗ ಬಿಸಿಯಾಗುವ ಸ್ವಭಾವಕ್ಕೆ ಇಟ್ಟಿರಬೇಕೆಂದು ಅವನು ಒಪ್ಪಿಕೊಂಡಿದ್ದ. ಅವಮಾನದೊಳಗೆ ಇನ್ನೊಂದು ಮುಳ್ಳಿತ್ತು: ಅಕ್ಕ ಹೇಳಿದ್ದು ನಿಜ.

ಯಂತ್ರದ ಮೇಲೆ ಅವಳಿಗೇನೂ ಮುನಿಸಿರಲಿಲ್ಲ. ಪಿಟೀಲು ಎಲ್ಲಿ ಕೂರುತ್ತದೆ, ತಾಳ ಬದಲಿಸಿದರೆ ಹೇಗೆ ಎಂದು ಅವನು ಕೃತಕ ಬುದ್ಧಿಮತ್ತೆಯ ಜೊತೆ ಗುದ್ದಾಡುವಾಗ ಪಕ್ಕದಲ್ಲಿ ಕೂತು ತಲೆದೂಗಿದ್ದಳು. ಕರಾರು ಎರಡೇ: "ಏನೇನು ಬಳಸಿದ್ಯೋ ಹೇಳಿಬಿಡು. ನನ್ನ ಗಂಟಲು ಮಾತ್ರ ಅದರ ಬಾಯಿಗೆ ಹಾಕ್ಬೇಡ."

ಅವನು ಹಾಕಿದ.

ಅಕ್ಕನ ಹಳೆಯ ಹಾಡುಗಳೆಲ್ಲ ಅವನ ಕಂಪ್ಯೂಟರಿನಲ್ಲೇ ಇದ್ದವು. ಯಂತ್ರ ಅವನ್ನು ನುಂಗಿ, ಅವನು ನಾಲ್ಕು ಸ್ವರವಷ್ಟೇ ಬದಲಿಸಿಕೊಟ್ಟ ಚರಣವನ್ನು ಅವಳ ದನಿಯಲ್ಲೇ ಹಾಡಿತು. ಆದರೆ ವಿಪರೀತ ಚೆನ್ನಾಗಿ ಹಾಡಿತು. ಇಂಥಲ್ಲೇ ದಡ್ಡರು ಸಿಕ್ಕಿಬೀಳುವುದು ಎಂದುಕೊಂಡು, ಒಂದು ಕಡೆ ಶ್ರುತಿಯನ್ನು ಕೂದಲೆಳೆಯಷ್ಟು ಇಳಿಸಿದ. ಹಿಂದೆ ಫ್ಯಾನಿನ ಸದ್ದು ಸೇರಿಸಿದ. ಇನ್ನು ಉಸಿರು. ಯಂತ್ರ ಉಸಿರೇ ಎಳೆದಿರಲಿಲ್ಲ. ಹಳೆಯ ಹಾಡುಗಳಲ್ಲಿದ್ದ ಅಕ್ಕನ ಉಸಿರನ್ನು ಅವನೇ ಹಿಂದೆ ಕತ್ತರಿಸಿ ಎಸೆದಿದ್ದ. ಪರವಾಗಿಲ್ಲ, ಮಿಮಿಕ್ರಿಯಲ್ಲಿ ಪಳಗಿದ ಕೈ ಅವನದು. ಅಕ್ಕನ ಹಾಗೆ ಗದರಿ ಅಮ್ಮನನ್ನೇ ಯಾಮಾರಿಸಿದವನು. ಮೈಕಿನ ಮುಂದೆ ಅಕ್ಕನಂತೆಯೇ ಭುಜ ಎತ್ತಿ, ಸಾಲಿಗೊಂದರಂತೆ ಉಸಿರೆಳೆದು ಅಂಟಿಸಿದ. ಚರಣಕ್ಕೆ ಜೀವ ಬಂತು. ಗೋಡೆಯ ಮೇಲಿದ್ದ ಅಕ್ಕನ ಫೋಟೋ ಕಡೆ ಮಾತ್ರ ಅವನಿಗೆ ನೋಡಲಾಗಲಿಲ್ಲ.

ಸುಳ್ಳೂ ಸಿದ್ಧವಿತ್ತು. "ಹೋದ ತಿಂಗಳು ಜ್ವರ ಬಂದು ನಮ್ಮನೇಲಿ ಮಲಗಿದ್ಯಲ್ಲ ಅಕ್ಕ, ಆಗ ನಾನು ಮೊದಲು ಮಾಡಿದ್ದ ಚರಣ ನೀನೇ ಒಂದ್ಸಲ ಪೂರ್ತಿ ಹಾಡಿದ್ದೆ. ಅದನ್ನೇ ಯಂತ್ರದಲ್ಲಿ ಕ್ಲೀನ್ ಮಾಡಿಸಿದೀನಿ, ಅಷ್ಟೇ."

"ಹೌದೇನೋ? ನೆನಪೇ ಇಲ್ವಲ್ಲ."

"ನಿಂಗೆ ಆಗ ನನ್ನ ನೆನಪೂ ಇರ್ಲಿಲ್ಲ. ನನ್ನನ್ನೇ ಡಾಕ್ಟ್ರೇ ಅಂತ ಕರೀತಿದ್ದೆ."

ಅಕ್ಕ ನಕ್ಕು ನಂಬಿದಳು. ಇಷ್ಟು ಸುಲಭವಾಗಿ ನಂಬುತ್ತಾಳಲ್ಲ ಎಂದು ಅವನಿಗೆ ಮೈಯೆಲ್ಲ ಹಿಡಿಯಾಯಿತು. ಹೇಗೂ ತನ್ನ ಹಾಡನ್ನು ತಾನು ಕೇಳುವ ಅಭ್ಯಾಸವೇ ಅವಳಿಗಿರಲಿಲ್ಲ. ನಾಚಿಕೆಯನ್ನು ನುಂಗಿಕೊಂಡ.

ಆದರೆ ಸ್ಟುಡಿಯೋದಲ್ಲಿ ನಿರ್ದೇಶಕರು ಬಿಡಲಿಲ್ಲ. "ಒಂದ್ಸಲ ಕೇಳಿ ಮೇಡಂ. ನನಗೆ ಕಣ್ಣಲ್ಲಿ ನೀರು ಬಂತು."

"ನಿಮಗೆ ಚೆಕ್ ಬರೆಯುವಾಗಲೂ ಬರುತ್ತೆ ಬಿಡಿ," ಎನ್ನುತ್ತ ಅಕ್ಕ ಹೆಡ್‌ಫೋನ್ ಹಾಕಿಕೊಂಡಳು.

ದನಿ ಅವಳದೇ, ಮುಖದಲ್ಲಿ ಅನುಮಾನದ ಸುಳಿವಿರಲಿಲ್ಲ. ಚರಣದ ಎರಡನೆಯ ಸಾಲು ಬರುವ ಮುಂಚೆ ಅವಳ ಕೈ ತಾನಾಗಿ ಪಕ್ಕದ ಕುರ್ಚಿಯತ್ತ ಚಾಚಿ ತಮ್ಮನ ಬೆನ್ನು ನೀವತೊಡಗಿತು, ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸ ಬಂದಾಗ ನೀವುತ್ತಿದ್ದ ಹಾಗೆ. ಆಮೇಲೆ ಕೈ ನಿಂತಿತು. "ಸ್ಪೀಕರಿಗೆ ಹಾಕಿ," ಎಂದಳು ಎಂಜಿನಿಯರಿಗೆ, "ಹಾಡು ಬೇಡ, ಮಧ್ಯದ ಉಸಿರಷ್ಟೇ ಜೋರು ಮಾಡಿ." ಪ್ರತಿ ಉಸಿರಿನ ತುದಿಯಲ್ಲೂ ಮೂಗಿನ ಒಂದು ಹೊಳ್ಳೆಯಿಂದ ಹೊರಟ ಸಣ್ಣ ಸಿಳ್ಳೆ ಕೋಣೆ ತುಂಬಿತು. ಹುಟ್ಟಿದಾಗಿನಿಂದ ಜೊತೆಗಿದ್ದುದರಿಂದ ತಮ್ಮನ ಕಿವಿಗೆ ತನ್ನದೇ ಆ ಸಿಳ್ಳೆ ಎಂದೂ ಬಿದ್ದಿರಲಿಲ್ಲ. 'ಕುಕ್ಕರ್' ಎಂದು ಹೆಸರಿಟ್ಟ ಕಾಲೇಜಿನವರ ಕಿವಿಗೆ ಬಿದ್ದಿತ್ತು. "ಇದನ್ನ ಕೇಳ್ಕೊಂಡೇ ನಿನ್ನ ಮಲಗಿಸ್ತಿದ್ದೆ ಕಣೋ," ಅಂದಳು ಅಕ್ಕ, ಮೆಲ್ಲಗೆ. ಅವನು ಉಸಿರು ಬಿಗಿಹಿಡಿದು ಕೂತ. ಬಿಟ್ಟರೆ ಎಲ್ಲರಿಗೂ ಕೇಳಿಸುತ್ತಿತ್ತು.