ಕುರಿ ನಿಂತ ಹೊಲ

ಕಾಲುವೆ ದಂಡೆಯಲ್ಲಿ ಹೂಳೆತ್ತುತ್ತಿದ್ದ ಜೆಸಿಬಿಯ ಹಲ್ಲಿಗೆ ಮೊದಲು ಸಿಕ್ಕಿದ್ದು ಕಂಬಳಿಯ ಚೂರು. ಆಮೇಲೆ ಎಲುಬು.

ಸಬ್ ಇನ್ಸ್‌ಪೆಕ್ಟರ್ ವೀರೇಂದ್ರ ಸಿಂಧನೂರಿನಿಂದ ಬರುವಷ್ಟರಲ್ಲಿ ಅರ್ಧ ಊರು ಸೇರಿತ್ತು. ಕೈಯೆಲುಬಿನಲ್ಲಿ ಬೆಳ್ಳಿ ಕಡಗವಿತ್ತು. ಅದರ ಅಂಚು ಒಂದೇ ಕಡೆ ಕರಗಿ ಗುಳಿ ಬಿದ್ದಿತ್ತು. ಮಸ್ಕಿ ಕಡೆಯ ಕುರಿಗಾರರ ಆದೆಮ್ಮ ಬಂದು ಕಡಗ ಗುರುತಿಸಿದಳು. ನಾಲ್ಕು ವರ್ಷದ ಹಿಂದೆ ಕುರಿ ಹೊಡೆದುಕೊಂಡು ಹೋಗಿ ಕಾಣೆಯಾದ ಗಂಡ ಮೈಲಾರಲಿಂಗಪ್ಪನದು.

ಅವಳು ಅಳಲಿಲ್ಲ.

“ಇಲ್ಲಿ ಹೂತಾರ್ರೀ. ಕಾಲುವಿ ದಂಡಿ ಮ್ಯಾಲೆ ಅಂವ ಎಂದೂ ಕುರಿ ನಿಲ್ಲಿಸಿದವ್ನಲ್ಲ. ಜೀವ ಹೋಗಿದ್ದೆಲ್ಲಿ ಸಾಹೇಬ್ರ? ಆ ಜಾಗದಾಗ ಒಂದು ಎಡಿ ಇಡಬೇಕು. ಅಲ್ಲೀತನಕ ಅಂವ ಮನಿಗೆ ಬರಂಗಿಲ್ಲ.”

ವೀರೇಂದ್ರ ಹುಡುಕಿ ಹೇಳುತ್ತೇನೆಂದು ಮಾತು ಕೊಟ್ಟ.

* * *

ಹಳೆಯ ಕಡತದಲ್ಲಿ ಒಂದೇ ಹೆಸರಿತ್ತು: ಲಿಂಗಸುಗೂರಿನ ಕುರಿ ವ್ಯಾಪಾರಿ ಹಫೀಜ್. ಸತ್ತವನ ಇಪ್ಪತ್ತು ಕುರಿ ಇವನ ಕೊಟ್ಟಿಗೆಯಲ್ಲಿ ಸಿಕ್ಕಿದ್ದವು. ಆಗಿನ ಪೊಲೀಸರಿಗೆ ಅಷ್ಟೇ ಸಾಕಾಗಿತ್ತು. ತಿಂಗಳು ಒಳಗಿಟ್ಟು, ಸಾಕ್ಷಿ ಸಿಗದೆ ಬಿಟ್ಟರು. ಜನ ಮಾತ್ರ ಬಿಡಲಿಲ್ಲ.

“ಖುದ್ದು ಅವ್ನೇ ಮಾರಿದ್ದು ಸಾಬ್.” ಹಫೀಜ್ ಪೆಟ್ಟಿಗೆಯಿಂದ ಸಂತೆಯ ಚೀಟಿ ತೆಗೆದ. “ಅವತ್ತೂ ತೋರಿಸಿದ್ದೆ. ಯಾರ್ ನೋಡಿದ್ರು?”

ಚೀಟಿಯ ತಾರೀಕಿನ ಮೂರು ದಿನದ ನಂತರವೂ ಮೈಲಾರಲಿಂಗಪ್ಪ ಹೆಂಡತಿಗೆ ಫೋನ್ ಮಾಡಿದ್ದ. ಅಂದರೆ ಹಫೀಜ್ ಹೇಳಿದ್ದು ನಿಜ. ವೀರೇಂದ್ರನಿಗೆ ತನ್ನವರ ಮೇಲೆಯೇ ಸಿಟ್ಟು ಬಂತು.

ಇನ್ನು ಉಳಿದದ್ದು ಮೈಲಾರಲಿಂಗಪ್ಪ ಹೋದ ದಾರಿ. ಜವಳಗೇರಾದ ರೈತರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡಿದ್ದನ್ನು ಒಪ್ಪಿದ್ದರು. ಅಲ್ಲಿಂದಾಚೆ, ಕೇಸಿನ ಭಯಕ್ಕೋ ಏನೋ, ಎಲ್ಲರದೂ ಒಂದೇ ಹೇಳಿಕೆ: ನಮ್ಮ ಹೊಲಕ್ಕೆ ಬಂದಿಲ್ಲ.

* * *

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಜಿಐಎಸ್ ವಿಭಾಗವಿದೆ. ಉಪಗ್ರಹದ ಚಿತ್ರ, ಸರ್ವೆ ನಕ್ಷೆ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ತೋರಿಸುತ್ತಾರೆ. ಯಾರು ಬೇಕಾದರೂ ಹೋಗಿ ಕೇಳಬಹುದು. ವೀರೇಂದ್ರ ಆದೆಮ್ಮನನ್ನೂ ಕರೆದುಕೊಂಡು ಹೋದ. ಅಲ್ಲಿ ಕೆಲಸಕ್ಕಿದ್ದವಳು ಗೊರೇಬಾಳದ ರೈತರ ಮಗಳು ಭಾಗ್ಯಶ್ರೀ.

“ಆ ವರ್ಷದ ಚಿತ್ರ ಅದಾವ್ರಿ. ಆದ್ರ ಕುರಿ ಕಾಣಂಗಿಲ್ಲ. ಒಂದು ಚುಕ್ಕಿ ಅಂದ್ರ ಹತ್ತು ಮೀಟರ್ ನೆಲ.”

“ಕುರಿ ಯಾಕ ಬೇಕವ್ವ?” ಆದೆಮ್ಮ ಅಂದಳು. “ಕುರಿ ನಿಂತ ಜಾಗದಾಗ ಮುಂದಿನ ಬೆಳಿ ಕಪ್ಪಗ ಬರ್ತೈತಿ. ಕುರಿ ಕೂಡೋ ಹಟ್ಟಿ ರಾತ್ರಿಗೊಂದು ಕಡೆ ಹಾಕ್ತೀವಿ, ಹಾಕಿದಷ್ಟೇ ಜಾಗ. ನಮ್ಮ ಕಣ್ಣಿಗೆ ಕಾಣ್ತೈತಿ, ನಿನ್ನ ಮಿಷನ್ನಿಗೆ ಕಾಣಂಗಿಲ್ಲೇನು?”

ಓದಿದವಳಿಗೆ ಹೊಳೆಯದ್ದು ಓದದವಳಿಗೆ ಹೊಳೆದಿತ್ತು. ಭಾಗ್ಯಶ್ರೀ ಸಡಗರದಿಂದ ಮುಂದಿನ ಬೆಳೆಯ ಚಿತ್ರಗಳನ್ನು ತೆರೆದು ಹಸಿರನ್ನು ಅಳೆದಳು. ತಿಳಿಹಸಿರು ಗದ್ದೆಗಳ ನಡುವೆ ಕಡುಹಸಿರು ಚೌಕಗಳು ಎದ್ದವು. ಹಿಂದಿನ ವರ್ಷದ ಚಿತ್ರದಲ್ಲಿ ಅವು ಇರಲಿಲ್ಲ. ಜವಳಗೇರಾದಲ್ಲಿ ನಾಲ್ಕು. ಆಚೆ ಹೊಲದಲ್ಲಿ ಮೂರು. ಮತ್ತೊಂದರಲ್ಲಿ ನಾಲ್ಕು. ಗೊರೇಬಾಳದ ಒಂದು ದೊಡ್ಡ ಹೊಲದಲ್ಲಿ ಒಂದೇ ಒಂದು. ಅಲ್ಲಿಂದ ಮುಂದೆ ಎಲ್ಲೂ ಇಲ್ಲ.

“ಯಾರ ಹೊಲ?” ವೀರೇಂದ್ರ ಕೇಳಿದ.

ಭಾಗ್ಯಶ್ರೀ ಸರ್ವೆ ನಕ್ಷೆಯನ್ನು ಮೇಲೆ ಕೂಡಿಸಿದಳು. ನಂಬರು ನೋಡಿದ ಅವಳ ಕೈ ಮೌಸಿನ ಮೇಲೆಯೇ ನಿಂತಿತು. ಆ ಚೌಕವನ್ನು ಅಳಿಸಿಬಿಡುವುದು ಅವಳಿಗೆ ಎಷ್ಟು ಹೊತ್ತಿನ ಕೆಲಸ? ಅವಳು ಆದೆಮ್ಮನ ಮುಖ ನೋಡಿದಳು. ಪ್ರಿಂಟ್ ಒತ್ತಿದಳು.

“ನಮ್ಮಪ್ಪಂದ್ರಿ,” ಅಂದಳು.

* * *

ಭಾಗ್ಯಶ್ರೀಯ ಅಪ್ಪ ಚನ್ನವೀರ ಊರಿಗೆ ಬೇಕಾದ ಮನುಷ್ಯ. ಅವನ ಹೊಲದ ಬದುವಿನ ಗೂಟಗಳಿಗೆ ತುಕ್ಕು ಹಿಡಿದ ತಂತಿ ಇನ್ನೂ ಸುತ್ತಿಕೊಂಡಿತ್ತು. ವೀರೇಂದ್ರ ಅದನ್ನು ನೋಡಿಕೊಂಡೇ ಭಾಗ್ಯಶ್ರೀಯ ಜೊತೆ ಅವನ ಮನೆಗೆ ಬಂದು ನಕ್ಷೆ ಹಾಸಿದ.

“ಕುರಿ ಬಂದಿಲ್ಲ ಅಂತ ಹೇಳಿಕಿ ಕೊಟ್ಟೀರಿ. ಬಂದಿದ್ವು. ಎಲ್ಲರ ಹೊಲದಾಗ ಮೂರ್ನಾಲ್ಕು ದಿನ ನಿಂತಾವ. ನಿಮ್ಮಲ್ಲಿ ಒಂದೇ ದಿನ. ಯಾಕಂದ್ರ ಮರುದಿನ ಕುರಿಗಾರ ಇರ್ಲಿಲ್ಲ. ಕಡಗ ನೋಡ್ರಿ. ಬಡಿದ್ರ ಬೆಳ್ಳಿ ಹಿಂಗ ಕರಗಂಗಿಲ್ಲ, ಕರೆಂಟಿಗೆ ಕರಗತೈತಿ. ಹಂದಿಗಂತ ತಂತಿ ಎಳೆದಿದ್ರಿ, ಹೌದಿಲ್ಲೋ?”

ಚನ್ನವೀರ ಮಗಳ ಕಡೆ ನೋಡಿದ. “ನಕ್ಷಾ ನೀ ತೆಗೆದೇನವ್ವ?”

“ಹೌದಪ್ಪ.”

ಅವನು ಕಟ್ಟೆಯ ಮೇಲೆ ಕುಸಿದು ಕುಳಿತ.

“ಹಂದಿ ಮೂಲಿಯಾಗಿನ ಭತ್ತದ ಸಸಿ ಹಾಳು ಮಾಡ್ತಿದ್ವು. ಅವ್ನಿಗೆ ಉಣ್ಣಾಕ ಕೊಟ್ಟೆ, ತಂತಿ ಐತಿ ಅಂತ ಹೇಳೋದು ಮರ್ತೆ. ಬೆಳಕು ಹರಿದ ಮ್ಯಾಲೆ ನೋಡಿದ್ರ ಬದುವಿನ ಮ್ಯಾಲೆ ಬಿದ್ದಿದ್ದ. ಟ್ರ್ಯಾಕ್ಟರ್‌ನಾಗ ಒಯ್ದು ಹೂತೆ. ಕುರಿ ಮಸ್ಕಿ ದಾರಿಗೆ ಹೊಡೆದೆ. ನಾ ಜೇಲಿಗೆ ಹೋದ್ರ ನಿನ್ನ ಓದು ನಿಲ್ತಿತ್ತವ್ವ…”

ಅಪ್ಪನ ಆ ಸುಳ್ಳಿನಿಂದಲೇ ಅವಳು ನಕ್ಷೆ ಓದಲು ಕಲಿತಿದ್ದಳು. ಭಾಗ್ಯಶ್ರೀ ಗೋಡೆಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು.

ವೀರೇಂದ್ರ ಚನ್ನವೀರನನ್ನು ಜೀಪು ಹತ್ತಿಸಿದ. ದಾರಿಯಲ್ಲಿ ಹಫೀಜ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದ.

* * *

ಮರುದಿನ ಭಾಗ್ಯಶ್ರೀ ಫೋನಿನಲ್ಲಿ ನಕ್ಷೆ ಹಿಡಿದು ಆದೆಮ್ಮನನ್ನು ಗದ್ದೆಗೆ ಕರೆದೊಯ್ದಳು. ಚೌಕದ ಪಕ್ಕದ ಬದುವಿಗೆ ಬಂದು ನಿಂತಳು.

“ಇಲ್ಲೇ ಆಯಿ.”

ಆದೆಮ್ಮ ರೊಟ್ಟಿ, ಪುಂಡಿಪಲ್ಯ ಬಿಚ್ಚಿ ಎಡೆ ಇಟ್ಟಳು.

“ನಿನ್ನ ಮ್ಯಾಲೆ ಸಿಟ್ಟಿಲ್ಲವ್ವ. ನಿಮ್ಮಪ್ಪಗ ಒಂದು ಮಾತು ಹೇಳು. ಅವತ್ತೇ ಹೇಳಿದ್ರ ಅತ್ತು ಸುಮ್ನಾಗ್ತಿದ್ದೆ. ನಾಲ್ಕು ವರ್ಷ ದಿನಾ ಸಂಜಿಗೆ ಎರಡು ತಾಟು ಇಟ್ಟೀನಿ.”

ಆದೆಮ್ಮ ಎಡೆಯ ಸುತ್ತ ನೀರು ಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಗಂಡ ಅಲ್ಲೇ ಕೂತಿರುವಂತೆ ಬರಿಯ ಬದುವಿನ ಕಡೆ ಕೈ ಚಾಚಿದಳು.

“ನಡಿ, ಮನಿಗೆ ಹೋಗೂಣು.”