ಮುನ್ನೂರ ಹನ್ನೆರಡು ವಾರ್ನಿಂಗ್

ಹೊಸಬಳ ಹತ್ತಿರ ಕೆಲಸ ಕಾಯಂ ಆದ ಪತ್ರ ಇರಲಿಲ್ಲ. ಪತ್ರ ನೋಡದೆ ಯಾರೂ ಅವಳಿಗೆ ಕೋಣೆ ಬಾಡಿಗೆಗೆ ಕೊಡುತ್ತಿರಲಿಲ್ಲ. ಐದು ತಿಂಗಳಿಂದ ಅಕ್ಕನ ಮನೆಯ ಹಾಲಿನಲ್ಲಿ, ಭಾವ ಟಿವಿ ಆರಿಸಿದ ಮೇಲೆ ಚಾಪೆ ಹಾಸಿಕೊಳ್ಳುತ್ತಿದ್ದಳು. ಪತ್ರ ಕೈಗೆ ಬರಲು ನಾಲ್ಕು ದಿನ ಬಾಕಿ ಇದ್ದಾಗ, ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಬಂದವಳಿಗೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಎಲ್ಲರೂ ಗುಂಪಾಗಿ ನಿಂತಿದ್ದುದು ಕಂಡಿತು.

ಆ ಕಾರ್ಖಾನೆ ತಯಾರಿಸುತ್ತಿದ್ದುದು ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರ. ಒಳಗಿನ ಶಾಖ ಮೂವತ್ತೇಳೂವರೆ ಡಿಗ್ರಿ ಇರಬೇಕು. ಇಳಿದರೂ ಏರಿದರೂ ಸೈರನ್ ಕೂಗಬೇಕು. ಪರೀಕ್ಷೆಗಿಟ್ಟ ಯಂತ್ರ ಈಗ ನಲವತ್ತಾರು ತೋರಿಸುತ್ತಿತ್ತು. ಹೀಟರಿನ ಸ್ವಿಚ್ಚು ಅಂಟಿಕೊಂಡಿತ್ತು. ಅದು ಆಗುವಂಥದ್ದೇ, ಸೈರನ್ ಇರುವುದೇ ಅದಕ್ಕೆ. ಆದರೆ ಸೈರನ್ ಕೂಗಿರಲಿಲ್ಲ. ಗೋಡೆಯಾಚೆ ಕೂತಿದ್ದ ಕಾವಲುಗಾರ, ಪಿಟ್ಟೆನ್ನುವ ಸದ್ದೂ ಬರಲಿಲ್ಲ ಎಂದು ಆಣೆಯಿಟ್ಟು ಹೇಳುತ್ತಿದ್ದ. ಬಾಗಿಲು ತೆರೆದರೆ ಮುಖಕ್ಕೆ ಬಿಸಿಗಾಳಿ; ಒಳಗಿನ ಮೊಟ್ಟೆಗಳೆಲ್ಲ ಕೆಟ್ಟಿದ್ದವು.

ವೈರಿಂಗಿನವನು ಸೈರನ್ನಿಗೆ ಬ್ಯಾಟರಿ ಮುಟ್ಟಿಸಿ ತೋರಿಸಿದ. ಕಿವಿ ಕಿತ್ತುಹೋಗುವಂತೆ ಕೂಗಿತು. ಅಲ್ಲಿಗೆ ಅವನು ಪಾರು. ಉಳಿದದ್ದು ಯಂತ್ರವನ್ನು ನಡೆಸುವ ಸಿ ಭಾಷೆಯ ಕೋಡು. ಅದನ್ನು ಕೊನೆಗೆ ಮುಟ್ಟಿದವಳು ಹೊಸಬಳು.

ಮುಟ್ಟಿದ್ದು ಯಜಮಾನರು ಹೇಳಿದ್ದಕ್ಕೇ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಪ್ರತಿಸಲವೂ ಮುನ್ನೂರ ಹನ್ನೆರಡು ವಾರ್ನಿಂಗ್ ಕಕ್ಕುತ್ತಿತ್ತು. ಎಲ್ಲದರದ್ದೂ ಒಂದೇ ರಾಗ: ಸಂಖ್ಯೆ ಇಡುವ ಈ ವೇರಿಯೇಬಲ್ಲಿಗೆ ಹೆಸರಿಟ್ಟಿದ್ದೀರಿ, ಬೆಲೆ ಕೊಟ್ಟಿದ್ದೀರಿ, ಎಲ್ಲೂ ಬಳಸಿಲ್ಲ. ಬೊಗಳೋ ನಾಯಿ ಕಚ್ಚಲ್ಲ ಎನ್ನುತ್ತ ವರ್ಷಗಟ್ಟಲೆ ಯಾರೂ ಅವನ್ನು ಓದಿರಲಿಲ್ಲ. ಈಗ ದೊಡ್ಡ ಗಿರಾಕಿಯೊಬ್ಬರು ಒಂದೂ ವಾರ್ನಿಂಗ್ ಇರಕೂಡದೆಂದು ಪಟ್ಟು ಹಿಡಿದಿದ್ದರು. ಹೊಸಬಳು ಮಂಗಳವಾರ ಇಡೀ ದಿನ ಕೂತು ಎಲ್ಲವನ್ನೂ ಅಳಿಸಿದ್ದಳು. ಬುಧವಾರ ಬೆಳಿಗ್ಗೆ ಈ ಅನಾಹುತ.

"ಸೋಮವಾರ ಸೈರನ್ ಕೂಗಿತ್ತು ಮಾವ, ನಾನೇ ಕಿವಿಯಾರೆ ಕೇಳಿದೀನಿ," ಎಂದ ಅಳಿಯ. ಅವನು ಯಜಮಾನರ ಮಗಳ ಗಂಡ, ಅವರನ್ನು ಬಿಟ್ಟರೆ ಕೋಡು ಬರೆಯುವವರಲ್ಲಿ ಹಿರಿಯ. "ಇವಳು ಗುಡಿಸಿದ್ದು ಮಂಗಳವಾರ. ಇನ್ನೇನು ಬೇಕು?"

ಯಜಮಾನರು ಅವಳತ್ತ ತಿರುಗಿದರು. "ಏನಮ್ಮ, ಕಸದ ಜೊತೆ ಮಗೂನೂ ಎಸೆದ್ಯಾ?"

ಅವಳು, ಬಳಸದೆ ಬಿದ್ದಿದ್ದನ್ನು ಮಾತ್ರ ತೆಗೆದೆ ಎಂದಳು. ಹೇಳಿದ್ದು ತನಗೇ ಸರಿಯಾಗಿ ಕೇಳಿಸಲಿಲ್ಲ.

ಯಜಮಾನರು ಪರೀಕ್ಷಕನನ್ನು ಕರೆದರು. ಚಾಳೀಸು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಿದ್ದ ಆತನಿಗೆ ಚಾಳೀಸಣ್ಣ ಎಂದೇ ಹೆಸರಾಗಿತ್ತು. "ಮಧ್ಯಾಹ್ನದೊಳಗೆ ಹೆಸರು ಹೇಳಪ್ಪ. ಯಾರೇ ಆಗಲಿ, ಇವತ್ತೇ ಮನೆಗೆ ಕಳಿಸ್ತೀನಿ."

ಚಾಳೀಸಣ್ಣ ಹೊಸಬಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡ. ಗುಡಿಸುವ ಮೊದಲಿನ ಕೋಡು ಉಳಿದಿದೆಯಾ ಎಂದು ಕೇಳಿದ. ಇತ್ತು, ಯಾರು ಯಾವ ದಿನ ಏನು ಬದಲಿಸಿದರೆಂಬುದು ಹೆಸರು, ತಾರೀಕಿನೊಂದಿಗೆ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಹಳೆಯದರಿಂದೊಂದು, ಹೊಸದರಿಂದೊಂದು ಯಂತ್ರದ ಭಾಷೆಯ ಫೈಲು ತಯಾರಿಸಿ ಎರಡನ್ನೂ ಹೋಲಿಸಲು ಹೇಳಿದ. ಅವಳು ಆಜ್ಞೆಯನ್ನು ಎರಡು ಸಲ ತಪ್ಪು ಟೈಪಿಸಿದಳು. ಮೂರನೆಯ ಸಲ ಉತ್ತರ ಬಂತು. ವ್ಯತ್ಯಾಸವಿಲ್ಲ. ಒಂದು ಬೈಟಿನಷ್ಟೂ ಇಲ್ಲ.

"ಅಂದ್ರೆ ನಾನಲ್ಲ?"

"ಅವಸರ ಬೇಡ. ಏನೇನು ಅಳಿಸಿದೆ, ಪಟ್ಟಿ ಕೊಡು."

ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಇಳಿದ. ಒಂದು ಕಡೆ ಪೆನ್ಸಿಲ್ ನಿಂತಿತು. ಎದ್ದುಹೋಗಿ ತನ್ನ ಮೇಜಿನಿಂದ ಹಳೆಯ ನೋಟುಪುಸ್ತಕವೊಂದನ್ನು ತಂದ. ಪ್ರತಿಸಲ ಎಷ್ಟು ವಾರ್ನಿಂಗ್ ಬಂದವೆಂದು ಅದರಲ್ಲಿ ಬರೆದಿಡುವುದು ಅವನ ಚಟ. ಎಲ್ಲರೂ ನಗುತ್ತಿದ್ದರು. ಆಮೇಲೆ ಅಳಿಯನ ಹತ್ತಿರ ಹೋಗಿ ಸೋಮವಾರ ಸೈರನ್ ಕೂಗಿದಾಗ ಅವನೇನು ಮಾಡುತ್ತಿದ್ದನೆಂದು ವಿಚಾರಿಸಿದ.

"ಇನ್ನೇನು? ಮಾಮೂಲಿ ಪರೀಕ್ಷೆ. ಬಾಗಿಲು ತೆಗೆದೆ, ಕೂಗಿತು."

ಹನ್ನೆರಡಕ್ಕೆ ಎಲ್ಲರೂ ಸೇರಿದರು. ಹೊಸಬಳು ಬಾಗಿಲ ಹತ್ತಿರವೇ ನಿಂತಳು. ಚೀಲ ಆಗಲೇ ಹೆಗಲಿಗೇರಿತ್ತು.

"ಮೊದಲು ನನ್ನ ತಪ್ಪು ಹೇಳ್ತೀನಿ," ಚಾಳೀಸಣ್ಣ ಶುರುಮಾಡಿದ. "ಬಾಗಿಲು ತೆಗೆದ್ರೆ ಒಳಗೆ ತಣ್ಣಗಾಗುತ್ತೆ, ಸೈರನ್ ಕೂಗುತ್ತೆ, ನಾವು ಪಾಸ್ ಅಂತ ಬರೀತೀವಿ. ಬಿಸಿ ಮಾಡಿ ನೋಡೋಕೆ ಅರ್ಧ ಗಂಟೆ ಬೇಕು ಅಂತ ಯಾರೂ ನೋಡ್ಲಿಲ್ಲ. ಸೋಮವಾರ ಕೂಗಿದ್ದು ಚಳಿಗೆ. ಸೆಕೆಗೆ ಅದು ಕೂಗೋದು ನಿಂತು ಏಳು ತಿಂಗಳಾಯ್ತು."

"ಏಳು ತಿಂಗಳ ಹಿಂದೆ ಇವಳು ಇರ್ಲೇ ಇಲ್ಲವಲ್ಲ," ಎಂದ ವೈರಿಂಗಿನವನು.

"ಇರ್ಲಿಲ್ಲ. ಇವಳು ಅಳಿಸೋ ಮುಂಚಿನ ಫೈಲು, ಆಮೇಲಿನ ಫೈಲು — ಎರಡೂ ಒಂದೇ. ಬಳಸದ ವೇರಿಯೇಬಲ್ಲನ್ನ ಕಂಪೈಲರ್ ತಾನೇ ಬಿಸಾಕಿರುತ್ತೆ. ಸತ್ತದ್ದನ್ನ ಇವಳು ಹೂತಿದ್ದಾಳೆ, ಅಷ್ಟೇ. ಆದ್ರೆ ಯಾಕೆ ಸತ್ತಿತು ಅಂತ ಕೇಳಲಿಲ್ಲ. ಕೊಲೆ ಮಾಡಿಲ್ಲ, ಸಾಕ್ಷಿ ಒರೆಸಿದಾಳೆ."

ಅವನು ಪಟ್ಟಿಯನ್ನು ಮೇಜಿನ ಮೇಲಿಟ್ಟ. ಪೆನ್ಸಿಲ್ ಗುರುತು ಬಿದ್ದಿದ್ದ ವೇರಿಯೇಬಲ್ಲಿನ ಹೆಸರು 'ಮೇಲಿನ ಮಿತಿ'. ಯಂತ್ರ ಎಷ್ಟು ಡಿಗ್ರಿ ದಾಟಿದರೆ ಕೂಗಬೇಕೆಂಬ ಸಂಖ್ಯೆ. ಹೊಸಬಳು ಈ ಹೆಸರನ್ನು ಓದಿಯೇ ಅಳಿಸಿದ್ದಳು. ಮುನ್ನೂರರಲ್ಲಿ ಅದೂ ಒಂದೆಂದು.

"ಸೈರನ್ ಇಟ್ಟ ಯಂತ್ರದಲ್ಲಿ ಮೇಲಿನ ಮಿತಿ ಬಳಕೆಯಾಗಿಲ್ಲ ಅಂದ್ರೆ ಏನರ್ಥ? ಮುನ್ನೂರ ಹನ್ನೊಂದು ಬರೀ ಗೊಣಗ್ತಿದ್ದಾಗ, ಇದೊಂದು ನಿಜ ಹೇಳ್ತಿತ್ತು. ನನ್ನ ಪುಸ್ತಕ ನೋಡಿ. ಏಳು ತಿಂಗಳ ಹಿಂದೆ ಒಂದು ಗುರುವಾರ ಮುನ್ನೂರ ಹನ್ನೊಂದು. ಮಾರನೇ ದಿನ ಹನ್ನೆರಡು. ಬಾಗಿಲು ತೆಗೆದ ಕೂಡಲೇ ಸೈರನ್ ಅರಚ್ಕೊಳ್ಳುತ್ತೆ ಅಂತ ಗಿರಾಕಿಗಳು ಬೈದಿದ್ರು. ಒಂದು ನಿಮಿಷ ತಡೆದು ಕೂಗಲಿ ಅಂತ ಆ ದಿನ ಒಬ್ಬರು ಕೋಡು ಬದಲಾಯಿಸಿದ್ರು. ಕೆಳಗಿನ ಮಿತಿಗೆ ನಾಲ್ಕು ಸಾಲು ಬರೆದ್ರು. ಮೇಲಿನ ಮಿತಿಗೆ ಅಂತ ಅದನ್ನೇ ನಕಲು ಮಾಡಿ ಅಂಟಿಸಿದ್ರು. ತಿದ್ದೋದು ಮರೆತ್ರು. ಈಗ ಎರಡು ಕಡೇನೂ ಚಳಿಯನ್ನೇ ನೋಡ್ತಿದೆ."

"ಯಾರು?" ಯಜಮಾನರ ದನಿ ಏರಿತು. "ಹೆಸರು ಹೇಳು."

ಚಾಳೀಸಣ್ಣ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದ. ತಾರೀಕು, ನಾಲ್ಕು ಸಾಲು, ಅವುಗಳಡಿ ಮತ್ತೆ ಅದೇ ನಾಲ್ಕು ಸಾಲು, ಮೇಲ್ಗಡೆ ಯಜಮಾನರ ಹೆಸರು.

ಅಳಿಯ ತನ್ನ ಚಪ್ಪಲಿ ನೋಡಿಕೊಂಡ. ಯಜಮಾನರು ಎಂಟೂ ಸಾಲುಗಳನ್ನು ಮೂರು ಸಲ ಓದಿದರು.

"ಫೋನ್ ಬಂದಿತ್ತು ಅವತ್ತು," ಎಂದರು ಕೊನೆಗೆ. "ಎದ್ದು ಹೋದೋನು ವಾಪಸ್ ಬಂದು ನೋಡ್ಲೇ ಇಲ್ಲ."

"ಹಾಗಾದ್ರೆ ಯಾರನ್ನ ಮನೆಗೆ ಕಳಿಸೋದು ಸಾರ್?" ಎಂದ ವೈರಿಂಗಿನವನು. ನಗು ತಡೆಯಲು ಕೆಮ್ಮಿದ.

ಯಜಮಾನರು ಮನೆಗೆ ಹೋಗಲಿಲ್ಲ. ಏಳು ತಿಂಗಳಲ್ಲಿ ಮಾರಿದ ಹನ್ನೊಂದು ಯಂತ್ರಗಳ ಪಟ್ಟಿ ತರಿಸಿ, ಗಿರಾಕಿಗಳಿಗೆ ತಾವೇ ಫೋನ್ ಮಾಡಿ, ತಪ್ಪು ನನ್ನದು, ಹೊಸ ಕೋಡು ಬರುವವರೆಗೆ ಶಾಖ ನೋಡಿಕೊಳ್ಳಿ ಎಂದು ಹೇಳಿದರು. ಮೊದಲ ಫೋನಿನಲ್ಲಿ ತೊದಲಿದರು. ನಾಲ್ಕನೆಯದರ ಹೊತ್ತಿಗೆ ಮಾತು ಸಲೀಸಾಯಿತು. ಹೊಸಬಳ ಪತ್ರಕ್ಕೆ ನಡುವೆಯೇ ಸಹಿ ಹಾಕಿದರು. ಕ್ಷಮೆ ಕೇಳಲಿಲ್ಲ; ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಅವಳು ಚೀಲ ಇಳಿಸಿ, 'ಮೇಲಿನ ಮಿತಿ'ಯನ್ನು ವಾಪಸ್ ತಂದು ನಾಲ್ಕು ಸಾಲು ತಿದ್ದಿದಳು. ಯಂತ್ರವನ್ನು ಬಿಸಿಮಾಡಿ ಅರ್ಧ ಗಂಟೆ ಕಾದರು. ಸೈರನ್ ಕೂಗಿತು. ಸಾಕು ಆರಿಸು ಎಂದು ಯಾರೂ ಹೇಳಲಿಲ್ಲ. ಆಮೇಲೆ ಅಳಿಸಿದ ಉಳಿದ ಮುನ್ನೂರ ಹನ್ನೊಂದನ್ನೂ ವಾಪಸ್ ತಂದು, ಒಂದೊಂದನ್ನೇ ಯಾಕೆ ಬಿದ್ದಿದ್ದೀಯ ಎಂದು ಕೇಳುತ್ತ ಕೂತಳು. ಚಾಳೀಸಣ್ಣ ಪಕ್ಕದಲ್ಲೇ ಕೂತ. ಇನ್ನೂ ಎರಡು ವಾರ್ನಿಂಗ್ ನಿಜ ಹೇಳುತ್ತಿದ್ದುದು ಸಿಕ್ಕಿತು. ಎರಡನ್ನೂ ಸರಿಮಾಡಿದರು. ಉಳಿದವು ನಿಜಕ್ಕೂ ಕಸವೇ.

ಶುಕ್ರವಾರ ಲೆಕ್ಕ ಹಾಕಿದರು. ಹೊರಗಿದ್ದ ಹನ್ನೊಂದು ಯಂತ್ರಗಳಲ್ಲಿ ಏನೂ ಹೋಗಿರಲಿಲ್ಲ. ಪರೀಕ್ಷೆಯ ಯಂತ್ರದಲ್ಲಿ ಹೋದದ್ದು ನೂರ ಎಪ್ಪತ್ತಾರು ಮೊಟ್ಟೆ.