ಕಳ್ಳ ತುಳಿದು ಹೋದ ಚೀಟಿ

ತನ್ನ ದನಿ ದಿನೇದಿನೇ ಸಣ್ಣದಾಗುತ್ತಿದೆಯೇನೋ ಎಂಬ ಅಳುಕು ಅಜಾಂಬೊಗೆ ಹತ್ತಿಕೊಂಡು ಬಹಳ ಕಾಲವಾಗಿತ್ತು. ಯಾರಿಗೂ ಹೇಳಿರಲಿಲ್ಲ, ದಿನಚರಿಯಲ್ಲಿ ಮಾತ್ರ ಬರೆದಿದ್ದಳು. ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು, ಕೀನ್ಯಾ ಗಡಿಗೆ ಅಂಟಿದ ಬುಸಿಯಾ ಊರಿನ ಗೇಟಿನ ಉಗಾಂಡಾ ಕಡೆ, ಫೋನಿನ ಖಾತೆಗೆ ಹಣ ಹಾಕಿ ತೆಗೆದುಕೊಡುವ ಮೊಬೈಲ್ ಹಣದ ಗೂಡಂಗಡಿಯಲ್ಲಿ ಕೂತವಳು. ಜಾಲರಿಯ ಹಿಂದಿನಿಂದ ಅವಳು ಏನು ಹೇಳಿದರೂ ಗಿರಾಕಿಗಳು ಎರಡು ಸಲ ಕೇಳಬೇಕಾಗುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಅದೇ ಯೋಚನೆಯಲ್ಲಿ ಬೀಗ ತೆಗೆಯುತ್ತಿದ್ದಾಗ ಎದುರು ಸಾಲಿನಿಂದ ಕೂಗು ಕೇಳಿಸಿತು.

"ಒಗುತ್ತು ಅಜ್ಜನ್ನ ಹೊಡೆದು ಹಾಕಿದಾರೆ! ಬನ್ರೋ!"

ಒಗುತ್ತು ಸೈಕಲ್ ಪಂಕ್ಚರ್ ಹಾಕುವ ಮುದುಕ. ಅಂಗಡಿಯಲ್ಲೇ ಮಲಗುತ್ತಿದ್ದ. ಈಗ ಬೋರಲು ಬಿದ್ದಿದ್ದ. ತಲೆಯ ಹಿಂದೆ ಪೆಟ್ಟು. ಉಸಿರಿತ್ತು, ಎಚ್ಚರವಿರಲಿಲ್ಲ. ಅಂಗಿಯ ಜೇಬು ಒಳಮೈ ಹೊರಗಾಗಿ ನೇತಾಡುತ್ತಿತ್ತು.

ಯಾಕೆ ಹೊಡೆದರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಹಿಂದಿನ ಸಂಜೆ ಬೆಟ್ಟಿಂಗ್ ಅಂಗಡಿಯಲ್ಲಿ ಅಜ್ಜ ಒಂದೇ ಚೀಟಿಯಲ್ಲಿ ಪಣ ಕಟ್ಟಿದ್ದ ಹನ್ನೊಂದು ಫುಟ್‌ಬಾಲ್ ಪಂದ್ಯಗಳೂ ಅವನ ಊಹೆಯಂತೆಯೇ ಮುಗಿದಿದ್ದವು. ನಲವತ್ತು ಲಕ್ಷ ಶಿಲಿಂಗ್! ಇಡೀ ಬೀದಿಯೇ ಕುಣಿದಿತ್ತು. ಅಷ್ಟು ದೊಡ್ಡ ಹಣ ಕೊಡುವುದು ಮರುದಿನವೇ ಎಂದು ಅಂಗಡಿಯವರು ಹೇಳಿದ್ದರು. ಅಜ್ಜ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಅಜಾಂಬೊಳ ಅಣ್ಣ ಎಗೆಸಾನ ಬಾಡಿಗೆ ಬೈಕ್ ಹತ್ತಿ ತನ್ನ ಅಂಗಡಿಗೆ ಹೋಗಿದ್ದ.

ಅಜ್ಜನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಪೊಲೀಸ್ ಸಾರ್ಜೆಂಟ್ ಒಕಿರಿಂಗ್ ಎಗೆಸಾನ ಹೆಗಲ ಮೇಲೆ ಕೈಯಿಟ್ಟರು.

"ಕೊನೇ ಪಂದ್ಯ ಹೇಳಿಕೊಟ್ಟಿದ್ದು ನಾನು, ಅರ್ಧ ನನ್ನದು ಅಂತ ನಿನ್ನೆ ಎಲ್ಲರೆದುರು ಕಿರುಚಿದ್ದು ಯಾರಪ್ಪ?"

"ತಮಾಷೆಗೆ ಅಂದೆ ಸಾರ್! ಅಜ್ಜನೂ ನಕ್ಕ, ಬೇಕಾದ್ರೆ ಕೇಳಿ!"

"ಅವನಿಗೆ ಎಚ್ಚರ ಆದ್ಮೇಲೆ ಕೇಳೋಣ. ಅಲ್ಲೀವರೆಗೆ ಠಾಣೇಲಿ ಕೂತಿರು. ನಾಳೆ ಕೋರ್ಟಿಗೆ."

ಎಗೆಸಾ ತಂಗಿಯ ಕಡೆ ನೋಡಿದ. ಅಜಾಂಬೊ ಕಣ್ಣು ತಪ್ಪಿಸಿದಳು. ನಿನ್ನೆ ಅಣ್ಣ ಮನೆಗೆ ತಡವಾಗಿ ಬಂದಿದ್ದ. ಎಲ್ಲಿದ್ದೆ ಎಂದು ಅಮ್ಮ ಕೇಳಿದರೆ ಬಾಯಿಬಿಟ್ಟಿರಲಿಲ್ಲ.

*

ಅಜಾಂಬೊ ಗೂಡಂಗಡಿಗೆ ಮರಳಿ ಕೂತಳು. ಪಕ್ಕದ ಗಾಡಿಯಲ್ಲಿ ಮಕೋಖಾ ಮೊಟ್ಟೆ ಸುತ್ತಿದ ಚಪಾತಿ ಬೇಯಿಸುತ್ತಿದ್ದ. ಕೀನ್ಯಾ ಕಡೆಯ ಹುಡುಗ. ದಿನಾ ಗೇಟು ದಾಟಿ ಬಂದು ವ್ಯಾಪಾರ ಮಾಡುತ್ತಿದ್ದ. ಬೆಟ್ಟಿಂಗ್ ಅಂಗಡಿಯ ಕಾವಲುಗಾರ ಬ್ವಿರೆ ಬಂದು ಅವನ ಕಾಲೆಳೆದ.

"ಏ ಪಾಪು, ಚಪಾತಿ ಕೊಡೋ. ಇಪ್ಪತ್ತೈದು ತುಂಬ್ತಾ, ಇನ್ನೂ ಇಲ್ವಾ?"

"ಇನ್ನೂ ಮೂರು ವರ್ಷ ಐತೆ. ನಿಮ್ಮದೆಂಥ ಕಾನೂನು ಮಾರಾಯ? ಗೇಟಿನ ಆ ಕಡೆ ಹದಿನೆಂಟಕ್ಕೇ ಗಂಡಸು, ಈ ಕಡೆ ಬಂದ್ರೆ ತೊಟ್ಟಿಲಿಗೆ ಹಾಕ್ತೀರಾ?"

"ಮತ್ತೆ? ಇಪ್ಪತ್ತೈದು ತುಂಬದೋನ್ನ ಬೆಟ್ಟಿಂಗ್ ಅಂಗಡಿ ಒಳಗೆ ಬಿಟ್ರೆ ನನ್ನ ಕೆಲಸ ಹೋಗತ್ತೆ."

"ನಿನ್ನ ಅಂಗಡಿ ಯಾರಿಗೆ ಬೇಕು? ನನ್ನ ಅಂಗಡಿ ಇಲ್ಲೇ ಐತೆ." ಮಕೋಖಾ ಜೇಬಿನ ಫೋನ್ ತಟ್ಟಿದ. ಈ ಬೀದಿಯವರೆಗೂ ಕೀನ್ಯಾದ ಸಿಗ್ನಲ್ ಸಿಗುತ್ತಿತ್ತು. "ಆಡೋದೂ ಇದರಲ್ಲೇ, ಗೆದ್ದಿದ್ದು ಬಂದು ಬೀಳೋದೂ ಇದಕ್ಕೇ."

ಬ್ವಿರೆ ಹೋದ ಮೇಲೆ ಅವನು ಜಾಲರಿಗೆ ಮುಖ ತಂದ.

"ಅಕ್ಕ, ನಮ್ಮಜ್ಜಿ ಫೋನಿನ ಗುಟ್ಟಿನ ನಂಬರ್ ಮರೆತುಬಿಟ್ಟಿದಾಳೆ. ಗುರುತಿನ ಕಾರ್ಡ್ ಕೈಲಿದ್ರೆ ಹೊಸದು ಹಾಕಿಸ್ಬೋದಾ?"

"ಅಜ್ಜೀನೇ ಬರಬೇಕು," ಎಂದಳು.

"ಆಂ?"

"ಅಜ್ಜಿ ಬರಬೇಕು."

ಅಜಾಂಬೊ ಗೂಡಿಗೆ ಬೀಗ ಹಾಕಿ ಹೊರಟಳು. ಅಣ್ಣನಿಗೆ ಕೋರ್ಟಿನ ಕಟಕಟೆ ತಪ್ಪಬೇಕಾದರೆ ಈ ದಿನವೇ ಏನಾದರೂ ಆಗಬೇಕಿತ್ತು.

*

ಪಂಕ್ಚರ್ ಅಂಗಡಿಯ ನೆಲದ ತುಂಬ ಕಾಗದ. ಸೋತ ಚೀಟಿಗಳನ್ನೆಲ್ಲ ಅಜ್ಜ ಇದ್ದಿಲ ಒಲೆ ಹಚ್ಚಲು ಉಂಡೆಮಾಡಿ ಇಟ್ಟುಕೊಳ್ಳುತ್ತಿದ್ದ. ಸಾರ್ಜೆಂಟ್ ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

"ಏನಮ್ಮ? ಅಣ್ಣನ ಪರವಾಗಿ ಅಳೋಕೆ ಬಂದ್ಯಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು. "ಏನೇನು ಹೋಗಿದೆ, ಸಾರ್?"

"ಜೋರಾಗಿ ಹೇಳು ತಾಯಿ."

"ಏನೇನು ಹೋಗಿದೆ?"

"ಫೋನು. ಗುರುತಿನ ಕಾರ್ಡು. ಆ ಚೀಟಿ. ಎಲ್ಲಾ ಒಂದೇ ಜೇಬಲ್ಲಿತ್ತಂತೆ."

ಅಜ್ಜ ಬಿದ್ದಿದ್ದ ಜಾಗವನ್ನು ಅಜಾಂಬೊ ನೋಡಿದಳು. ಉಂಡೆಗಳ ನಡುವೆ ಒಂದೇ ಒಂದು ಕಾಗದ ಚಪ್ಪಟೆಯಾಗಿತ್ತು. ನಾಲ್ಕು ಮಡಿಕೆ. ಮೇಲೆ ಚಪ್ಪಲಿಯ ಅಚ್ಚು. ಎತ್ತಿ ಬಿಡಿಸಿದಳು. ಹನ್ನೊಂದು ಪಂದ್ಯ. ನಿನ್ನೆಯ ತಾರೀಖು.

ಚೀಟಿಯನ್ನು ಸಾರ್ಜೆಂಟ್ ಮುಂದೆ ಹಿಡಿದಳು.

"ಅಯ್ಯೋ ದೇವರೇ!" ಸಾರ್ಜೆಂಟ್ ಎದ್ದೇ ಬಿಟ್ಟರು. "ಕತ್ತಲಲ್ಲಿ ಬೀಳಿಸಿಕೊಂಡಿರಬೇಕು ಕಳ್ಳ."

"ಕತ್ತಲಲ್ಲೂ ಜೇಬು ಪೂರ್ತಿ ಖಾಲಿ ಮಾಡಿದಾನೆ. ಕಾರ್ಡ್ ಆರಿಸಿಕೊಂಡಿದಾನೆ. ಇದನ್ನ ಬಿಸಾಕಿ ತುಳಿದಿದಾನೆ." ಮುಂದಿನದನ್ನು ಹೇಳುವ ಬದಲು ಕೈಚೀಲದಿಂದ ಪೆನ್ನು ತೆಗೆದು ಒಂದು ಚೂರು ಕಾಗದದ ಮೇಲೆ ಗೀಚತೊಡಗಿದಳು.

"ಕನ್ನಡಕ ಮನೇಲಿದೆ ಕಣಮ್ಮ. ಬಾಯಲ್ಲೇ ಹೇಳು."

ಅವಳು ಉಸಿರೆಳೆದುಕೊಂಡು ಹೇಳಿದಳು. ಸಾರ್ಜೆಂಟ್ ಕೇಳುತ್ತಾ ಕೇಳುತ್ತಾ ಟೋಪಿ ಸರಿಮಾಡಿಕೊಂಡರು.

*

ಬೀದಿಯ ನಡುವೆ ನಿಂತು ಸಾರ್ಜೆಂಟ್ ಚಪ್ಪಾಳೆ ತಟ್ಟಿದರು.

"ಕೇಳ್ರಪ್ಪಾ! ಒಗುತ್ತು ಅಜ್ಜ ಗೆದ್ದ ಹಣಾನ ಅಂಗಡಿಯವರು ಈಗಷ್ಟೇ ಅವನ ಫೋನಿಗೆ ಕಳಿಸಿದಾರೆ! ಪೂರ್ತಿ ನಲವತ್ತು ಲಕ್ಷ!"

ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು. ಮೀನಿನವಳು ಬುಟ್ಟಿ ಕೆಳಗಿಟ್ಟು ನಕ್ಕಳು. ಬೈಕಿನ ಹುಡುಗರು ಹಾರ್ನ್ ಒತ್ತಿದರು. ಬ್ವಿರೆ ಹೊಟ್ಟೆ ಹಿಡಿದುಕೊಂಡು, "ಸಾರ್, ಬೆಳಿಗ್ಗೇನೇ ಕುಡಿದು..." ಎಂದು ಶುರುಮಾಡಿದ. ಸಾರ್ಜೆಂಟ್ ಕಣ್ಣು ಕೆಕ್ಕರಿಸಿದರು. ಬಾಯಿ ಮುಚ್ಚಿಕೊಂಡ.

ನಗದೇ ಇದ್ದವನು ಒಬ್ಬನೇ. ಅವನು ಹೆಂಚಿನ ಕೆಳಗಿನ ಇದ್ದಿಲು ಹಿಂದಕ್ಕೆಳೆದು, ಕೈ ಒರೆಸಿಕೊಂಡು, ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತ.

ಅಜಾಂಬೊ ಅಜ್ಜನ ನಂಬರ್ ಒತ್ತಿದಳು. ಸ್ವಿಚ್ ಆಫ್. ಮತ್ತೆ ಒತ್ತಿದಳು. ಆಫ್. ಮೂರನೇ ಸಲ ಗಾಡಿಯ ಹಿಂದಿನ ಮೈದಾ ಡಬ್ಬಿಯಿಂದ ಅಜ್ಜನ ಫೋನಿನ ಚರ್ಚ್ ಗಂಟೆಯ ರಿಂಗ್‌ಟೋನ್ ಢಣಢಣ ಮೊಳಗಿತು.

ಮಕೋಖಾ ಓಡಿದ. ಗೇಟಿನ ದಾರಿಗೆ ಬ್ವಿರೆ ಅಡ್ಡ ನಿಂತಿದ್ದ.

"ಎಲ್ಲಿಗೋ ಪಾಪು?"

ಸಾರ್ಜೆಂಟ್ ಡಬ್ಬಿಯಲ್ಲಿ ಕೈ ಅದ್ದಿದಾಗ ಫೋನಿನ ಜೊತೆ ಅಜ್ಜನ ಗುರುತಿನ ಕಾರ್ಡೂ ಮೈದಾ ಬಳಿದುಕೊಂಡು ಮೇಲೆ ಬಂತು.

"ಸಾಯಿಸಬೇಕು ಅಂತಿರಲಿಲ್ಲ ಸಾರ್," ಮಕೋಖಾ ಅಳುತ್ತಿದ್ದ. "ಫೋನ್ ಎಳೆಯೋವಾಗ ಎಚ್ಚರ ಆಗಿಬಿಟ್ರು. ಕೈಗೆ ಸಿಕ್ಕ ಸ್ಪಾನರ್‌ನಿಂದ ಒಂದೇ ಒಂದು..."

*

ಠಾಣೆಯಲ್ಲಿ ಸಾರ್ಜೆಂಟ್ ತಾವೇ ಕುರ್ಚಿ ಎಳೆದು ಹಾಕಿದರು. "ಈಗ ನಮ್ಮ ಪೇದೆಗೂ ಬಿಡಿಸಿ ಹೇಳಮ್ಮ, ಬರ್ಕೊಳ್ತಾನೆ." ಅಜಾಂಬೊ ಹೇಳಿದಳು. ಈ ಸಲ ಯಾರೂ 'ಜೋರಾಗಿ ಹೇಳು' ಎನ್ನಲಿಲ್ಲ.

"ಆ ಅಂಗಡೀಲಿ ಚೀಟಿ ಯಾರ ಕೈಲಿದೆಯೋ ಹಣ ಅವರದ್ದು. ಫೋನಿಗೆ ಕಳಿಸೋದೇ ಇಲ್ಲ. ನಮ್ಮಣ್ಣ ವಾರಾ ವಾರಾ ಅಲ್ಲಿ ಆಡ್ತಾನೆ, ಬ್ವಿರೆ ಬಾಗಿಲಲ್ಲೇ ನಿಂತಿರ್ತಾನೆ. ಇವರಲ್ಲಿ ಯಾರೇ ಕದ್ದಿದ್ರೂ ಮೊದಲು ಚೀಟಿ ತಗೋತಿದ್ರು, ಫೋನ್ ಮುಟ್ತಿರಲಿಲ್ಲ. ಕದ್ದವನು ಉಲ್ಟಾ ಮಾಡಿದಾನೆ. ಅಂದ್ರೆ ಅವನು ಆಡೋದು ಫೋನಲ್ಲಿ. ಕಾಗದದ ಚೀಟಿಗೆ ಹಣ ಕೊಡೋದನ್ನ ಅವನು ಒಂದು ಸಲಾನೂ ನೋಡಿಲ್ಲ. ನಮ್ಮ ಬೀದೀಲಿ ದಿನಾ ಇದ್ದೂ ಅದನ್ನ ನೋಡದೇ ಇರೋನು ಯಾರು? ವಯಸ್ಸು ಸಾಲದು ಅಂತ ಬಾಗಿಲಲ್ಲೇ ತಡೀತಿದ್ದ ಹುಡುಗ. ಅವನೇ ಬಂದು ಫೋನಿನ ಗುಟ್ಟಿನ ನಂಬರ್ ಬದಲಾಯಿಸೋದು ಹೇಗೆ ಅಂತ ನನ್ನ ಕೇಳಿದ್ದ. ಕಾರ್ಡ್ ಕದ್ದಿದ್ದೂ ಅದಕ್ಕೇ."

"ಬೀದಿ ನಕ್ಕಾಗ ಅವನೊಬ್ಬ ನಗಲಿಲ್ಲ," ಎಂದರು ಸಾರ್ಜೆಂಟ್. "ಅವನ ಪಾಲಿಗೆ ಅದು ತಮಾಷೆಯೇ ಅಲ್ಲ." ಆಸ್ಪತ್ರೆಯಿಂದ ಕರೆ ಬಂದಿತ್ತು. ಅಜ್ಜ ಕಣ್ಣುಬಿಟ್ಟು ಮೊದಲು ಕೇಳಿದ್ದು ಚೀಟಿಯನ್ನೇ ಅಂತೆ.

ಎಗೆಸಾ ಹೊರಗೆ ಬಂದ. ನಿನ್ನೆ ಎಲ್ಲಿದ್ದೆ ಎಂದು ಸಾರ್ಜೆಂಟ್ ಕೇಳಿದ್ದಕ್ಕೆ ಕೊನೆಗೂ ಬಾಯಿಬಿಟ್ಟಿದ್ದ. ಮೀನಿನವಳ ಮಗಳ ಜೊತೆ ಸೇತುವೆಯ ಹತ್ತಿರ ಕೂತಿದ್ದನಂತೆ. ಅಮ್ಮನಿಗೆ ಗೊತ್ತಾಗುವುದು ಬೇಡ ಎಂದು ತಂಗಿಗೆ ಕಣ್ಣು ಹೊಡೆದ. ಬೈಕಿನ ಮೇಲೆ ಕೂತು, ಕೀಲಿ ತಿರುಗಿಸಿ, ಸೀಟಿನ ಹಿಂಭಾಗ ತಟ್ಟಿದ.

"ಹತ್ತು. ಅಲ್ಲ ಪುಟ್ಟಿ, ಊರಿಗೆ ಊರೇ ನನ್ನ ಕಳ್ಳ ಅಂತು. ನಿನಗೊಬ್ಬಳಿಗೆ ಒಂದು ಚೂರೂ ಅನುಮಾನ ಬರಲಿಲ್ಲ ನೋಡು."

ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಅವನು ಮುಂದಕ್ಕೆ ತಿರುಗಿಯೂ ಆಗಿತ್ತು. ಅಜಾಂಬೊ ಬೈಕ್ ಹತ್ತದೆ ನೆಲದ ಮೇಲೇ ನಿಂತಳು.

"ಬಂದಿತ್ತು, ಅಣ್ಣ," ಎಂದಳು. "ಆ ಚೀಟಿ ಕೈಗೆ ಸಿಗೋವರೆಗೂ ಇತ್ತು."